ಇಪ್ಪತ್ತೇಳನೇ ಹಾಳೆಯ ಕಂದು ಮಚ್ಚೆ

ನಕ್ಷೆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಭೂತಕನ್ನಡಿ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಮೇಡಂ. ಆ ಹೆಸರು ತನಗೆ ಗೊತ್ತು ಎಂಬುದನ್ನು ಅವಳು ಯಾರಿಗೂ ತೋರಿಸಿಕೊಂಡಿರಲಿಲ್ಲ. ಬೇರೆಯವರು ಬರೆದ ನಕ್ಷೆಯಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿ ಮಾಡಿ ಮನೆಯಲ್ಲೂ ಬೀದಿಯಲ್ಲೂ ಅದೇ ಕಣ್ಣಾಗಿಬಿಟ್ಟಿತ್ತು. ತರಕಾರಿಯವನು ನಕ್ಕರೆ ತಕ್ಕಡಿಯ ಮುಳ್ಳು ನೋಡುವಳು, ನೆಂಟರು ಹೊಗಳಿದರೆ ಇವರಿಗೇನು ಬೇಕಾಗಿದೆ ಎಂದು ಯೋಚಿಸುವಳು. ಕಂಬಳಿಯ ಮೇಲೆ ಊಟಕ್ಕೆ ಕೂತು ಕೂದಲು ಹುಡುಕುವವಳು ಎಂದು ಗಂಡ ಹೇಳುತ್ತಿದ್ದ. ನ್ಯಾಯವಾಗಿ ಹೇಳಬೇಕೆಂದರೆ ಅವಳಿಗೆ ಕೂದಲು ಸಿಗುತ್ತಲೂ ಇತ್ತು.

ಆ ವರ್ಷ ದೊಡ್ಡ ಸಾಹೇಬರಿಗೆ ಒಂದು ಹೊಸ ಯೋಚನೆ ಬಂತು. ಇಷ್ಟು ದೊಡ್ಡ ನಗರದಲ್ಲಿ ರಜೆಯ ದಿನ ಜನ ಎಲ್ಲಿಗೆ ಹೋಗಬೇಕು? ಮಕ್ಕಳಿಗೆ ಮರ ತೋರಿಸಬೇಕೆಂದರೆ ಎಲ್ಲಿದೆ ಮರ? ನಗರದ ಬಸ್ಸಿನಲ್ಲೇ ಒಂದು ಗಂಟೆಯೊಳಗೆ ಹೋಗಿಬರಬಹುದಾದ ಗುಡ್ಡ, ತೋಪು, ತೊರೆಗಳನ್ನೆಲ್ಲ ಗುರುತಿಸಿ, ಮಡಚಿ ಜೇಬಿನಲ್ಲಿಟ್ಟುಕೊಳ್ಳುವಂಥ ನಕ್ಷೆಯೊಂದನ್ನು ಅಚ್ಚು ಹಾಕಿಸಬೇಕು. 'ಊರಾಚೆ ಒಂದು ಗಂಟೆ' ಎಂದು ಹೆಸರನ್ನೂ ಅವರೇ ಇಟ್ಟರು. ಬರೆಯುವ ಕೆಲಸ ಮಸಿಯಣ್ಣನಿಗೆ ಬಂತು, ನೋಡಿ ಸಹಿ ಹಾಕುವ ಕೆಲಸ ಇವಳಿಗೆ.

ಮಸಿಯಣ್ಣನೆಂದರೆ ಕಚೇರಿಯ ಅತಿ ಹಿರಿಯ ನಕ್ಷೆಗಾರ. ಬಲಗೈಯ ಮೂರು ಬೆರಳಿಗೆ ಹತ್ತಿದ ಮಸಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ, ಅದಕ್ಕೇ ಆ ಹೆಸರು. ನಿವೃತ್ತಿಗೆ ಐದು ತಿಂಗಳಿತ್ತು. ಅವನ ಗೆರೆಯಲ್ಲಿ ಇವಳು ತಪ್ಪು ಕಂಡದ್ದು ಇಷ್ಟು ವರ್ಷದಲ್ಲಿ ನಾಲ್ಕೇ ಸಲ, ಆ ನಾಲ್ಕೂ ಅವಳಿಗೆ ತಾರೀಖಿನ ಸಮೇತ ನೆನಪಿದ್ದವು. ಅವನು ಹದಿನಾಲ್ಕು ಜಾಗ ಗುರುತಿಸಿ ತಂದಿಟ್ಟ. ಅವಳು ರಸ್ತೆಗಳನ್ನು ತಾಳೆ ನೋಡಲು ದಾಖಲೆ ಕೋಣೆಯಿಂದ ಹಳೆಯ ಹಾಳೆಗಳನ್ನು ತರಿಸಿಕೊಂಡಳು. ಅಲ್ಲಿಂದ ಶುರುವಾಯಿತು ಎಲ್ಲ.

ಇಪ್ಪತ್ತೇಳನೇ ಹಾಳೆ, ನಗರದ ಉತ್ತರದ ಅಂಚು. ಹಳೆಯ ಕಲ್ಲುಗಣಿ ದಾಟಿದರೆ ಅವರೆಕಾಳಿನ ಆಕಾರದ ಒಂದು ಮಚ್ಚೆ. ನಲವತ್ತು ವರ್ಷದ ಹಿಂದಿನ ಹಾಳೆಯಲ್ಲಿ ಅದು ನೀಲಿ, ಸುತ್ತ ಹಸಿರು. ಈಗ ಚಾಲ್ತಿಯಲ್ಲಿರುವ ಹಾಳೆಯಲ್ಲಿ ಅದೇ ಅವರೆಕಾಳು ಕಂದು. ಕಂದು ಬಣ್ಣ ಎಂದರೆ ಕೊಳಚೆ ಗುಂಡಿ. ಕೆರೆ ಕೊಳಚೆಯಾಗುವುದು ಈ ನಗರಕ್ಕೆ ಹೊಸದೇನಲ್ಲ, ಬೇರೆ ಯಾರಾದರೂ ಆಗಿದ್ದರೆ ಹಾಳೆ ಮಡಚಿಟ್ಟು ಚಹಾ ಕುಡಿಯಲು ಏಳುತ್ತಿದ್ದರು. ಅವಳು ಏಳಲಿಲ್ಲ. ನಕ್ಷೆಯಲ್ಲಿ ಪ್ರತಿ ಕೊಳಚೆ ಗುಂಡಿಗೂ ಒಂದು ಕೆಂಪು ಚುಕ್ಕಿಗೆರೆ ಬಂದು ಸೇರಬೇಕು. ಅದು ಕೊಳವೆ. ಇಲ್ಲಿ ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ಕೆಂಪೇ ಇರಲಿಲ್ಲ. ಕೊಳವೆಯೇ ಇಲ್ಲದ ಮೇಲೆ ಕೊಳಚೆ ಬರುವುದೆಲ್ಲಿಂದ?

ಆಕಾಶದಿಂದ ಫೋಟೊ ಹಿಡಿದು ನೆಲ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಹಾಳೆಯಲ್ಲಿ ಏನಿದೆಯೋ ನಗರಕ್ಕೆ ಅದೇ ನೆಲ. ಹಾಳೆಯ ಬಲಮೂಲೆಯಲ್ಲಿ ಒಂದು ಚೌಕ, ಅದರೊಳಗೆ ಎರಡು ಸಹಿ. ಬರೆದವರು: ಮಸಿಯಣ್ಣ, ಹದಿನೇಳು ವರ್ಷದ ಹಿಂದೆ. 'ಪರಿಶೀಲಿಸಿದೆ, ಸರಿಯಾಗಿದೆ': ಅವಳಿಗೆ ಕೆಲಸ ಕಲಿಸಿದ, ಈಗ ನಿವೃತ್ತಳಾದ ಹಿರಿಯಾಕೆ. ಕಚೇರಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದ ಆ ಹೆಂಗಸು ಒಂದು ಚುಕ್ಕಿ ಬಿಟ್ಟುಹೋದರೂ ಹಾಳೆಯನ್ನು ವಾಪಸ್ಸು ಎಸೆಯುತ್ತಿದ್ದವಳು. ಅಂಥವಳು ಕೊಳವೆಯಿಲ್ಲದ ಗುಂಡಿಯನ್ನು ನೋಡಿಯೂ ಸಹಿ ಹಾಕಿದಳೇ?

ಅವಳ ತಲೆಯಲ್ಲಿ ಲೆಕ್ಕ ಕೂಡಿತು. ಒಳ್ಳೆಯ ಕೆರೆಯಂಗಳವನ್ನು ಕಾಗದದ ಮೇಲೆ ಹೊಲಸು ಮಾಡಿಡುವುದು, ಯಾರಿಗೂ ಬೇಡವಾದ ಜಾಗ ಎಂದು ಅಗ್ಗದಲ್ಲಿ ಬರೆಸಿಕೊಳ್ಳುವುದು, ಆಮೇಲೆ ಒಂದು ದಿನ ಬಣ್ಣ ಬದಲಿಸುವುದು. ನೆಲದ ಲೆಕ್ಕ ಕಾಯಬೇಕಾದ ಕಚೇರಿಯೇ ಹೀಗೆ ಮಾಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ನಿವೃತ್ತಿಗೆ ಮುಂಚೆ ಮುದುಕ ಜೇಬು ತುಂಬಿಸಿಕೊಳ್ಳಲು ಹೊರಟಿದ್ದಾನೆ ಎಂದುಕೊಂಡಳು. ಅವಳಿಗೆ ನಿಜವಾಗಿ ಸಂಕಟವಾಯಿತು. ಅವನ ಗೆರೆ ಎಂದರೆ ಅವಳಿಗೆ ಅಷ್ಟು ಇಷ್ಟವಿತ್ತು.

ಮರುದಿನ ಚಹಾ ಹೊತ್ತಿನಲ್ಲಿ ಅವಳು ಬೇಕೆಂದೇ ಕೇಳಿದಳು. "ಕಲ್ಲುಗಣಿ ಕಡೆ ಯಾರಾದ್ರೂ ಹೋಗಿದ್ದೀರಾ?"

ಪ್ರಶ್ನೆ ಮುಗಿಯುವ ಮುಂಚೆಯೇ ನಾಲ್ಕು ಜನ "ಇಲ್ಲ" ಎಂದರು. ನಕ್ಷೆಗಳ ಪ್ರತಿ ತೆಗೆಯುವವನು ಲೋಟವನ್ನೇ ನೋಡುತ್ತ ಕೂತ. ಚಹಾ ಕೊಡುವ ಅಕ್ಕ ಬಗ್ಗಿ ತನ್ನ ಬಟ್ಟೆಯ ಅಂಚನ್ನು ತಡವಿ ನೋಡಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದನ್ನು ಅವಳು ಕಣ್ಣಾರೆ ಕಂಡದ್ದು ಅಂದೇ. ಬಟ್ಟೆಯಂಚಿನಲ್ಲಿ ಅಂಟಿಕೊಂಡಿದ್ದದ್ದು ಕಾಡುಗಿಡದ ಮುಳ್ಳುಬೀಜ. ಸಿಮೆಂಟು, ಡಾಂಬರು ಬಿಟ್ಟು ಬೇರೇನೂ ಇಲ್ಲದ ಈ ನಗರದಲ್ಲಿ ಅದು ಎಲ್ಲಿ ಅಂಟಿತು? ಸೋಮವಾರಗಳಲ್ಲಿ ಮಸಿಯಣ್ಣನ ಪ್ಯಾಂಟಿನ ಮಡಿಕೆಯಲ್ಲೂ ಇಂಥ ಬೀಜಗಳನ್ನು ಕಂಡದ್ದು ಅವಳಿಗೆ ಆಗ ನೆನಪಾಯಿತು.

ಒಬ್ಬನಲ್ಲ, ಇಡೀ ಕಚೇರಿಯೇ ಇದರಲ್ಲಿದೆ. ತಾನೊಬ್ಬಳೇ ಹೊರಗೆ.

ಅವಳು ಸಾಹೇಬರಿಗೆ ಚೀಟಿ ಬರೆದಳು: ಇಪ್ಪತ್ತೇಳನೇ ಹಾಳೆಯಲ್ಲಿ ಸಂದೇಹವಿದೆ, ಸ್ಥಳ ನೋಡಬೇಕು. ಸಾಹೇಬರು ಅದರ ಮೇಲೆಯೇ ಗೀಚಿದರು: ನೀವೇ ನೋಡಿ, ವಾರದೊಳಗೆ ವರದಿ ಕೊಡಿ.

ಮನೆಯೆಂದರೆ ನಾಲ್ಕನೇ ಮಹಡಿಯ ಎರಡು ಕೋಣೆ. ಕಿಟಕಿ ತೆರೆದರೆ ಎದುರು ಮನೆಯವರ ಕಿಟಕಿ. ಮಗಳಿಗೆ ಒಂಬತ್ತು ವರ್ಷ. ಭಾನುವಾರ ಬಂತೆಂದರೆ ಪಾರ್ಕು ಪಾರ್ಕು ಎಂದು ಪ್ರಾಣ ತಿನ್ನುವಳು, ಪಾರ್ಕಿಗೆ ಹೋದರೆ ಉಯ್ಯಾಲೆಗೆ ನಲವತ್ತು ಮಕ್ಕಳ ಸಾಲು, ಹುಲ್ಲಿನ ಮೇಲೆ 'ತುಳಿಯಬೇಡಿ' ಎಂಬ ಬೋರ್ಡು. ಒಂದೂವರೆ ಗಂಟೆ ನಿಂತು ಎರಡು ನಿಮಿಷ ತೂಗಿಕೊಂಡು ಬರುವುದು. ಆ ಹುಡುಗಿ ಮರದ ಚಿತ್ರ ಬರೆದರೆ ಚೆಂಡಿನ ಹಾಗೆ ದುಂಡಗೆ ಬರೆಯುತ್ತಿದ್ದಳು, ಯಾಕೆಂದರೆ ಅವಳು ಕಂಡ ಮರಗಳನ್ನೆಲ್ಲ ಮಾಲಿ ಕತ್ತರಿಯಿಂದ ದುಂಡಗೆ ಕತ್ತರಿಸಿದ್ದ.

ಗಂಡ ನಗರದ ಬಸ್ಸಿನ ಚಾಲಕ. ಅವನ ಬಳಿ ಅವಳು ದಾರಿ ವಿಚಾರಿಸಿದಳು.

"ಕಲ್ಲುಗಣಿನಾ? ಅದೇ ಕೊನೇ ಸ್ಟಾಪು," ಅವನು ಸಾಕ್ಸು ಬಿಚ್ಚುತ್ತ ಹೇಳಿದ. "ನಿಮ್ಮ ಮಸಿಯಣ್ಣ ಭಾನುವಾರ ಬೆಳಿಗ್ಗೆ ಅದೇ ಬಸ್ಸಲ್ಲಿ ಬರ್ತಾರಲ್ಲ. ಕೈಯಲ್ಲಿ ಊಟದ ಡಬ್ಬಿ."

"ಬರ್ತಾರಾ? ಮತ್ತೆ ನನಗ್ಯಾಕ್ರೀ ಹೇಳಲಿಲ್ಲ?"

"ನೀನೆಲ್ಲಿ ಕೇಳಿದೆ? ಬಸ್ಸು ಹತ್ತಿದೋರ ಪಟ್ಟಿನೆಲ್ಲ ಮನೇಲಿ ಒಪ್ಪಿಸಬೇಕಾ?"

ಗಂಡನೂ ಇದರಲ್ಲಿ ಇದ್ದಾನೆಯೇ ಎಂದು ಒಂದು ಕ್ಷಣ ಅವಳು ಅವನ ಮುಖವನ್ನೇ ನೋಡಿದಳು. ಆ ಮನುಷ್ಯನಿಗೆ ಗುಟ್ಟು ಇಟ್ಟುಕೊಳ್ಳುವಷ್ಟು ಚುರುಕಿಲ್ಲವೆಂದು ಸಮಾಧಾನ ತಂದುಕೊಂಡಳು.

ಭಾನುವಾರ ಮಗಳನ್ನು ಜೊತೆಗೆ ಕರೆದುಕೊಂಡಳು. ಮಗು ಜೊತೆಗಿದ್ದರೆ ಯಾರೂ ಅನುಮಾನಿಸುವುದಿಲ್ಲ. ಮಸಿಯಣ್ಣನ ಬಸ್ಸಿನ ಬೆನ್ನಿಗೇ ಹೊರಟ ಇನ್ನೊಂದು ಬಸ್ಸಿನಲ್ಲಿ ಕೊನೆಯ ಸ್ಟಾಪಿಗೆ ಹೋಗಿ ಇಳಿದಾಗ, ಅವನು ಗಣಿಯ ಮಗ್ಗುಲಲ್ಲಿ ಬಗ್ಗಿ ಮರೆಯಾಗುವುದು ಕಂಡಿತು. ಹತ್ತು ನಿಮಿಷ ನಡೆದ ಮೇಲೆ ಕಾಲುದಾರಿಗೆ ಅಡ್ಡಲಾಗಿ ತುಕ್ಕು ಹಿಡಿದ ತಗಡು: 'ಅಪಾಯ. ಕೊಳಚೆ ಗುಂಡಿ. ವಿಷಗಾಳಿ. ಒಳಗೆ ಬರಬೇಡಿ.' ಅಕ್ಷರ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಅಷ್ಟು ಚಂದವಾಗಿ ಅಪಾಯ ಎಂದು ಬರೆಯುವವನು ಈ ನಗರದಲ್ಲಿ ಒಬ್ಬನೇ.

"ಅಮ್ಮ, ವಾಸನೇನೇ ಇಲ್ವಲ್ಲ?" ಎಂದಳು ಮಗಳು. ಭೂತಕನ್ನಡಿಯ ಮಗಳಲ್ಲವೇ.

ಅವರು ತಗಡನ್ನು ಬಳಸಿ ಮುಂದೆ ಹೋದರು. ಪೊದೆ ದಾಟಿದ್ದೇ ಕೆರೆ ಎದುರಾಯಿತು.

ಅದನ್ನು ಬಣ್ಣಿಸಲು ಹೋಗುವುದಿಲ್ಲ. ನೀರು ತಿಳಿಯಾಗಿತ್ತು, ತಳದ ಕಲ್ಲು ಕಾಣುತ್ತಿತ್ತು. ದಡದ ಮರಗಳನ್ನು ಯಾವ ಮಾಲಿಯೂ ಮುಟ್ಟಿರಲಿಲ್ಲ, ಕೊಂಬೆಗಳು ತಮಗೆ ಬೇಕಾದ ಕಡೆಗೆ ಹೋಗಿದ್ದವು. ಬಿಳಿ ಹಕ್ಕಿಗಳ ಒಂದು ಗುಂಪು ಆಚೆ ದಡದಲ್ಲಿ ಗದ್ದಲ ಮಾಡುತ್ತಿತ್ತು. ಮಗಳು ತಾಯಿಯ ಕೈಯಿಂದ ಯಾವಾಗ ಬಿಡಿಸಿಕೊಂಡಳೋ, ನೋಡಿದರೆ ಮೊಳಕಾಲುದ್ದ ನೀರಿನಲ್ಲಿ ಚಪ್ಪಲಿ ಸಮೇತ ನಿಂತಿದ್ದಳು.

ದಡದ ಮೇಲೆ ಚಾಪೆ ಹಾಸಿಕೊಂಡು ಸುಮಾರು ಹದಿನೈದು ಜನ ಕೂತಿದ್ದರು. ಮಸಿಯಣ್ಣ, ಪ್ರತಿ ತೆಗೆಯುವವನು ಮತ್ತು ಅವನ ಹೆಂಡತಿ, ಚಹಾದ ಅಕ್ಕ ಮತ್ತು ಅವಳ ಮೊಮ್ಮಕ್ಕಳು, ಕೋಲು ಪಕ್ಕಕ್ಕಿಟ್ಟು ಕಾಲು ಚಾಚಿ ಕೂತ ದೊಡ್ಡಮ್ಮ. ಇವಳನ್ನು ನೋಡಿದ್ದೇ ಎಲ್ಲರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಬಂದ್ಯಾ?" ಎಂದಳು ದೊಡ್ಡಮ್ಮ. "ಹದಿನೇಳು ವರ್ಷ ಹಿಡೀತು ನೋಡು. ನಾನು ಕಲಿಸಿದೋಳು ಇನ್ನೂ ಚುರುಕಾಗಿರ್ತಾಳೆ ಅಂದ್ಕೊಂಡಿದ್ದೆ."

"ಯಾರ ಹೆಸರಲ್ಲಿದೆ ಈ ಜಾಗ?" ಅವಳ ಧ್ವನಿ ಗಡಸಾಗಿತ್ತು.

"ಯಾರ ಹೆಸರಲ್ಲೂ ಇಲ್ಲ ತಾಯಿ, ನಗರದ್ದೇ," ಎಂದ ಮಸಿಯಣ್ಣ. "ಬೇಕಿದ್ರೆ ನಾಳೆ ದಾಖಲೆ ತೆಗೆಸಿ ನೋಡು. ನೀನು ತೆಗೆಸೇ ತೆಗೆಸ್ತೀಯ, ನನಗ್ಗೊತ್ತು."

ಆಮೇಲೆ ಅವನು ಹೇಳಿದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ದಕ್ಷಿಣದ ಅಂಚಿನಲ್ಲಿ ಇಂಥದೇ ಒಂದು ಕೆರೆಯನ್ನು ಅವನು ಬರೆದಿದ್ದನಂತೆ. ತುಂಬ ಪ್ರೀತಿಯಿಂದ, ಮೂರು ಬಗೆಯ ನೀಲಿ ಹಾಕಿ. ನಕ್ಷೆ ನೋಡಿ ಜನ ಬಂದರು. ಜನ ಬಂದದ್ದು ನೋಡಿ ಅಂಗಡಿ ಬಂತು, ಅಂಗಡಿ ನೋಡಿ ರಸ್ತೆ ಬಂತು, ರಸ್ತೆ ನೋಡಿ ಕಟ್ಟಡದವರು ಬಂದರು. ಆರನೇ ವರ್ಷ ಅದೇ ಹಾಳೆಯಲ್ಲಿ ಆ ನೀಲಿಯನ್ನು ಅವನೇ ಬ್ಲೇಡಿನಿಂದ ಕೆರೆದು ತೆಗೆದು, ಮನೆಗಳ ಚೌಕ ಬರೆಯಬೇಕಾಯಿತು.

"ಆಮೇಲೆ ಈ ಕೆರೆ ಸರದಿ ಬಂತು. ನನ್ನ ಕೈ ನೀಲಿ ಕಡೆಗೆ ಹೋಗಲೇ ಇಲ್ಲ. ಕಂದು ಬಳಿದುಬಿಟ್ಟೆ. ದೊಡ್ಡಮ್ಮಂಗೆ ಹೇಳಿದೆ, ಅವರು ಬಂದು ನೋಡಿ ಸಹಿ ಹಾಕಿದ್ರು."

"ನನಗೆ ಯಾಕೆ ಹೇಳಲಿಲ್ಲ?"

ಹತ್ತೊಂಬತ್ತು ವರ್ಷ ಒಂದೇ ಸೂರಿನ ಕೆಳಗೆ ಕೂತವರು. ಚಹಾದ ಅಕ್ಕನಿಗೆ ಗೊತ್ತು, ಅವಳ ಮೊಮ್ಮಕ್ಕಳಿಗೆ ಗೊತ್ತು, ತನಗಿಲ್ಲ. ತನ್ನ ಮಗಳು ಒಂದು ಉಯ್ಯಾಲೆಗಾಗಿ ಒಂದೂವರೆ ಗಂಟೆ ನಿಲ್ಲುವಾಗ ಇವರೆಲ್ಲ ಇಲ್ಲಿ ನೀರಿನಲ್ಲಿ ಕಾಲು ಆಡಿಸುತ್ತಿದ್ದರು.

"ಹೇಳಿದ್ರೆ ನೀನು ಸುಳ್ಳಿಗೆ ಸಹಿ ಹಾಕ್ತಿದ್ಯಾ?" ಎಂದ ಮಸಿಯಣ್ಣ ಮೆಲ್ಲಗೆ.

ಉತ್ತರ ಕೊಟ್ಟದ್ದು ಮಗಳು. ಹಿಂದಿರುಗುವಾಗ ಬಸ್ಸಿನಲ್ಲಿ ಒದ್ದೆ ಬಟ್ಟೆಯಲ್ಲೇ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು, "ಅಮ್ಮ, ಮುಂದಿನ ವಾರಾನೂ?" ಎಂದಳು. ಬುಧವಾರ ಅವಳು ವರದಿ ಬರೆದಳು: ಸ್ಥಳ ನೋಡಿದೆ. ಕೊಳಚೆ ಗುಂಡಿ ಇದೆ. ಹಾಳೆಯಲ್ಲಿ ಇರುವಂತೆಯೇ ಸರಿಯಾಗಿದೆ. ಕೆಳಗೆ ಸಹಿ. ಹತ್ತೊಂಬತ್ತು ವರ್ಷದಲ್ಲಿ ಬರೆದ ಮೊದಲ ಸುಳ್ಳು ಅದು. ಬರೆದು ಮುಗಿಸಿ, ಯಾರೋ ನೋಡುತ್ತಿದ್ದಾರೇನೋ ಎಂದು ಬಾಗಿಲ ಕಡೆ ತಿರುಗಿ ನೋಡಿದಳು. ತನ್ನನ್ನೇ ತಾನು ಅನುಮಾನಿಸುವುದು ಅವಳಿಗೆ ಹೊಸದು.

ಆಮೇಲಿನ ಏಳು ಭಾನುವಾರಗಳು ಸುಖವಾಗಿದ್ದವು, ಅದನ್ನು ಅಲ್ಲಗಳೆಯಲಾರೆ. ಮಗಳು ಈಜು ಕಲಿತಳು, ಮರವನ್ನು ಡೊಂಕಾಗಿ ಬರೆಯಲು ಕಲಿತಳು. ಕಚೇರಿಯಲ್ಲಿ ಅವಳು ಬಂದರೆ ಈಗ ಮಾತು ನಿಲ್ಲುತ್ತಿರಲಿಲ್ಲ. ಚಹಾದ ಅಕ್ಕ ಒಂದು ದಿನ ಬಾಯಿತಪ್ಪಿ ಎದುರಿಗೇ ಭೂತಕನ್ನಡಿ ಎಂದಳು, ಎಲ್ಲರೂ ನಕ್ಕರು, ಅವಳೂ ನಕ್ಕಳು.

ಆದರೆ ಹಾಳು ಬುದ್ಧಿ ಸುಮ್ಮನಿರಬೇಕಲ್ಲ. ಚಾಪೆಯ ಮೇಲೆ ಒರಗಿ ಹಕ್ಕಿ ನೋಡುವಾಗಲೂ ಒಳಗಿನ ಕಣ್ಣು ಪಿಳಿಪಿಳಿ ಅನ್ನುತ್ತಲೇ ಇತ್ತು. ಈ ಜಾಗ ಯಾರದು? ನಗರದ್ದು. ಕೂತಿರುವವರು ಯಾರು? ನಕ್ಷೆ ಕಚೇರಿಯವರು. ಕಾಂಪೌಂಡು ಕಟ್ಟಿದರೆ ಮಾತ್ರ ಕಬಳಿಕೆಯೇ? ಕಂದು ಬಣ್ಣ ಬಳಿದು ಸುಮ್ಮನೆ ಕೂತರೆ ಅಲ್ಲವೇ? ಒಂದು ಸಲ ಅದನ್ನು ಮಸಿಯಣ್ಣನಿಗೆ ಹೇಳಿಯೂ ಬಿಟ್ಟಳು.

"ನಾವೇನು ತಿಂದ್ವಾ ಇದನ್ನ?" ಎಂದು ಅವನು ಸಿಡುಕಿದ. "ಕಾದಿದ್ದೀವಿ."

"ಕಾಯೋರು ಯಾರಿಂದ ಕಾಯ್ತಿದ್ದೀವಿ ಅಂತಾನೂ ನೋಡ್ಬೇಕಲ್ಲ ಮಸಿಯಣ್ಣ. ಆ ಪಾರ್ಕಲ್ಲಿ ಸಾಲು ನಿಂತಿರೋ ಮಕ್ಕಳಿಂದಾನಾ?"

ಅವನು ಎದ್ದು ಹೋಗಿ ಬೇರೆ ಮರದ ಕೆಳಗೆ ಕೂತ.

ಎಂಟನೇ ವಾರ ಒಳಚರಂಡಿ ವಿಭಾಗದಿಂದ ಕಾಗದ ಬಂತು. ಅದು ಮೊದಲು ಬಂದದ್ದೇ ಅವಳ ಮೇಜಿಗೆ. ಗಣಿಯ ಈಚೆಗೆ ಹೊಸ ಬಡಾವಣೆ ಏಳುತ್ತಿದೆ, ಎರಡು ಸಾವಿರ ಮನೆ. ಅವುಗಳ ಕೊಳಚೆ ಬಿಡಲು ಸ್ಥಳ ಹುಡುಕುತ್ತಿದ್ದೇವೆ. ಇಪ್ಪತ್ತೇಳನೇ ಹಾಳೆಯಂತೆ ಅಲ್ಲಿ ಈಗಾಗಲೇ ಒಂದು ಕೊಳಚೆ ಗುಂಡಿ ಇರುವುದು, ನಿಮ್ಮ ಪರಿಶೀಲಕರು ಎರಡು ತಿಂಗಳ ಹಿಂದೆ ಖುದ್ದಾಗಿ ನೋಡಿ ದೃಢಪಡಿಸಿರುವುದು ನಮ್ಮ ಕೆಲಸವನ್ನು ಸುಲಭಗೊಳಿಸಿದೆ. ಹತ್ತು ದಿನದೊಳಗೆ ಆಕ್ಷೇಪವಿಲ್ಲದಿದ್ದರೆ ಕೊಳವೆ ಹಾಕಲಾಗುವುದು. ಜೊತೆಗೆ ಅವಳದೇ ವರದಿಯ ಪ್ರತಿ, ಅವಳದೇ ಸಹಿ.

ಅವಳು ಆ ಕಾಗದವನ್ನು ಮೂರು ಸಲ ಓದಿದಳು. ಹಾಳೆಯ ಮೇಲೆ ಎಲ್ಲಿಯೂ ಇರದ ಕೆಂಪು ಚುಕ್ಕಿಗೆರೆ ಕೊನೆಗೂ ಬರುತ್ತಿತ್ತು. ಅವಳೇ ಕರೆದಿದ್ದಳು.

ಭಾನುವಾರ ಕೆರೆಯ ದಡದಲ್ಲಿ ಅವಳು ಅದನ್ನು ಎಲ್ಲರಿಗೂ ಓದಿ ಹೇಳಿದಳು.

"ಕಾಗದ ಕಳೆದುಹೋಯ್ತು ಅಂದ್ರಾಯ್ತು," ಎಂದ ಪ್ರತಿ ತೆಗೆಯುವವನು.

"ಹತ್ತು ದಿನ ಉತ್ತರ ಬರದಿದ್ರೆ ಒಪ್ಪಿಗೆ ಅಂತಾನೇ ಬರೆದಿದ್ದಾರೆ," ಎಂದಳು ದೊಡ್ಡಮ್ಮ. "ನಮಗೆ ಹಾವೂ ಸಾಯಬಾರದು, ಕೋಲೂ ಮುರೀಬಾರದು. ಏನಾದ್ರೂ ದಾರಿ ಇದ್ಯಾ?"

"ಇಲ್ಲ," ಎಂದಳು ಅವಳು. "ಇದು ಕೆರೆ ಅಂತ ಹೇಳ್ಬೇಕು. ಬರೀ ಹೇಳಿದ್ರೆ ಸಾಲದು, ಅದನ್ನ ನೂರು ಜನ ನೋಡಿರ್ಬೇಕು. ಯಾರೂ ನೋಡದ ಕೆರೆನ ಮುಚ್ಚೋಕೆ ಒಂದು ಸಹಿ ಸಾಕು ಅಂತ ಈಗ ಗೊತ್ತಾಯ್ತಲ್ಲ. ಸಾಹೇಬರ ನಕ್ಷೆ ಇನ್ನೂ ಅಚ್ಚಿಗೆ ಹೋಗಿಲ್ಲ. ಹದಿನೈದನೇ ಜಾಗ ಅಂತ ಹಾಕ್ಬೇಕು."

ಮಸಿಯಣ್ಣ ಅವಳನ್ನು ನೋಡಿದ ರೀತಿಯನ್ನು ಅವಳು ಎಂದೂ ಮರೆಯಲಿಲ್ಲ.

"ಹಾಗಾದ್ರೆ ನೀನು ಬಂದಿದ್ದೇ ಇದಕ್ಕೆ," ಎಂದ. "ಮೊದಲ ದಿನಾನೇ ನನಗೆ ಅನುಮಾನ ಇತ್ತು. ಮಗು ಕರ್ಕೊಂಡು ಬಂದು ನಮ್ಮ ಜೊತೆ ಕೂತು, ಉಂಡು, ಕೊನೆಗೆ ಬೀದಿಗೆ ಹಾಕೋದಕ್ಕೆ."

"ಗುಂಡಿ ತೋಡಿದ್ದು ನೀವು ಮಸಿಯಣ್ಣ. ಕಾಗದದ ಮೇಲೆ ತೋಡಿದ್ರಿ, ಅಷ್ಟೇ. ಅದಕ್ಕೆ ಸಹಿ ಹಾಕಿ ಖಾತ್ರಿ ಮಾಡಿದೋಳು ನಾನು. ಈಗ ಅದು ನಿಜವಾಗ್ತಿದೆ."

ಯಾರೂ ಊಟದ ಡಬ್ಬಿ ತೆರೆಯಲಿಲ್ಲ. ಆ ದಿನ ಎಲ್ಲರೂ ಬೇಗ ಮನೆಗೆ ಹೋದರು.

ಸೋಮವಾರ ಅವಳು ಸಾಹೇಬರ ಕೋಣೆಗೆ ಹೋಗಿ ನಿಂತೇ ಹೇಳಿದಳು. "ಸರ್, ಇಪ್ಪತ್ತೇಳನೇ ಹಾಳೆ ಬಗ್ಗೆ ನಾನು ಕೊಟ್ಟ ವರದಿ ಸುಳ್ಳು. ಅದು ಕೆರೆ. ನೀರು ಚೆನ್ನಾಗಿದೆ. ನನಗೆ ಗೊತ್ತಿದ್ದೂ ಹಾಗೆ ಬರೆದೆ."

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವಾ?" ಎಂದರು. ಬೇರೆ ಯಾರು ಬಂದು ಹೇಳಿದ್ದರೂ ನಂಬುತ್ತಿದ್ದರೇನೋ. "ಯಾಕೆ?"

"ನನ್ನ ಮಗಳಿಗೆ ಇಷ್ಟವಾಯ್ತು ಸರ್."

"ಮೂಲ ಹಾಳೆ ಬರೆದವರು ಯಾರು?"

"ಅದು ಹದಿನೇಳು ವರ್ಷದ ಹಿಂದಿನ ಮಾತು. ಆಗ ಅಲ್ಲಿ ಏನಿತ್ತೋ ನಾನು ನೋಡಿಲ್ಲ. ಎರಡು ತಿಂಗಳ ಹಿಂದೆ ನೋಡಿದ್ದು ನಾನು, ಸಹಿ ನನ್ನದು."

ಸಾಹೇಬರು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತ ಬಹಳ ಹೊತ್ತು ಅವಳನ್ನೇ ನೋಡಿದರು. ಅವರಿಗೆ ಅರ್ಥವಾಯಿತೆಂದೇ ಅವಳ ಅನುಮಾನ. ಆದರೆ ಕೇಳದ ಪ್ರಶ್ನೆಗೆ ಉತ್ತರ ಬರೆದುಕೊಳ್ಳಬೇಕಾಗಿಲ್ಲ ಎಂಬ ಕಚೇರಿಯ ಧರ್ಮ ಅವರಿಗೂ ತಿಳಿದಿತ್ತು. ಒಳಚರಂಡಿಯವರಿಗೆ ಆಕ್ಷೇಪದ ಕಾಗದ ಅಂದೇ ಹೋಯಿತು. ಅವಳನ್ನು ತಿಂಗಳ ಕೊನೆಯಿಂದ ಪರಿಶೀಲನೆಯಿಂದ ತೆಗೆದು ದಾಖಲೆ ಕೋಣೆಗೆ ಹಾಕಿದರು. ಧೂಳು, ಗೆದ್ದಲು, ಹಳೆಯ ಹಾಳೆ. ಬಡ್ತಿಯ ಮಾತು ಅಲ್ಲಿಗೆ ಮುಗಿಯಿತು.

ಹೊಸ ಹಾಳೆ ಬರೆಯುವ ಕೆಲಸ ಮಸಿಯಣ್ಣನಿಗೇ ಬಂತು. ಅವನು ಅವಳ ಜೊತೆ ಮಾತು ಬಿಟ್ಟಿದ್ದ. ಮೂರು ದಿನ ಬಾಗಿಲು ಹಾಕಿಕೊಂಡು ಬರೆದು, ತಂದು ಮೇಜಿನ ಮೇಲೆ ಇಟ್ಟು ಹೋದ. ಅವರೆಕಾಳು ನೀಲಿಯಾಗಿತ್ತು. ಮೂರು ಬಗೆಯ ನೀಲಿ. ಅವಳು ಭೂತಕನ್ನಡಿ ಹಿಡಿದು ಅಂಚಿನಿಂದ ಅಂಚಿಗೆ ನೋಡಿದಳು, ತಪ್ಪು ಸಿಗಲಿಲ್ಲ. ಚೌಕದಲ್ಲಿ ಬರೆದಳು: ಪರಿಶೀಲಿಸಿದೆ, ಸರಿಯಾಗಿದೆ. ಆ ಮೇಜಿನಲ್ಲಿ ಕೂತು ಅವಳು ಹಾಕಿದ ಕೊನೆಯ ಸಹಿ ಅದು.

ಹದಿನೈದನೇ ಜಾಗದ ಸಮೇತ ಸಾಹೇಬರ ನಕ್ಷೆ ಅಚ್ಚಾಗಿ ಬಂದ ಮೊದಲ ಭಾನುವಾರ ಕಲ್ಲುಗಣಿಯ ಬಸ್ಸಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ಓಡಿಸುತ್ತಿದ್ದವನು ಅವಳ ಗಂಡನೇ. "ಇವತ್ತು ಪಟ್ಟಿ ಒಪ್ಪಿಸ್ಲಾ?" ಎಂದು ಕೂಗಿ ಕೇಳಿದ. ತುಕ್ಕು ತಗಡನ್ನು ಯಾರೋ ಕಿತ್ತು ಪಕ್ಕಕ್ಕೆ ಎಸೆದಿದ್ದರು. ದಡದ ತುಂಬ ಜನ, ಚೆಂಡು, ಕೂಗಾಟ, ಅಳುವ ಕೂಸುಗಳು, ಹಾರುವ ಪ್ಲಾಸ್ಟಿಕ್ ಚೀಲಗಳು. ಬಿಳಿ ಹಕ್ಕಿಗಳು ಆಚೆ ದಡದ ತುದಿಗೆ ಸರಿದು ಕೂತಿದ್ದವು. ಮಸಿಯಣ್ಣ ಒಬ್ಬನೇ ದೂರದ ಮರದ ಕೆಳಗೆ ನಿಂತಿದ್ದ, ಡಬ್ಬಿ ಇರಲಿಲ್ಲ. ಹಿಂದಿನ ವಾರವಷ್ಟೇ ನಿವೃತ್ತನಾಗಿದ್ದ.

"ಅಮ್ಮ, ಇವರೆಲ್ಲ ನಮ್ಮ ಕೆರೆಗೆ ಯಾಕೆ ಬಂದಿದ್ದಾರೆ?" ಎಂದಳು ಮಗಳು, ಅಳು ಬರುವ ಹಾಗೆ.

ಅವಳಿಗೂ ಅದೇ ಅನ್ನಿಸಿತ್ತು. ಎಷ್ಟೇ ನ್ಯಾಯದ ಮಾತಾಡಿದರೂ ಹೊಟ್ಟೆ ಉರಿಯುವುದು ಉರಿಯುತ್ತದೆ. ಮಸಿಯಣ್ಣನೇ ಸರಿಯಿದ್ದನೇನೋ, ದಕ್ಷಿಣದ ಕೆರೆಯ ಹಾಗೆ ಇದೂ ಹೋಯಿತೇನೋ ಎಂದುಕೊಂಡಳು. ಚೀಲ ಹೆಕ್ಕುತ್ತ ದಡದ ಉದ್ದಕ್ಕೂ ನಡೆದಳು. ಒಬ್ಬೊಬ್ಬರ ಕೈಯನ್ನೂ ನೋಡುತ್ತ ಹೋದಳು: ಯಾರು ಕೊಂಬೆ ಮುರಿಯುತ್ತಾರೆ, ಯಾರು ಬೆಂಕಿ ಹಚ್ಚುತ್ತಾರೆ.

ಹಾಗೆ ನೋಡುವಾಗಲೇ ಅವನು ಕಣ್ಣಿಗೆ ಬಿದ್ದ. ಹೊಳೆಯುವ ಬೂಟು ಹಾಕಿದ ಒಬ್ಬ ಮನುಷ್ಯ, ಜೊತೆಗೆ ಮಕ್ಕಳಿಲ್ಲ, ಚಾಪೆಯಿಲ್ಲ. ನೀರಿನ ಕಡೆಗೆ ಒಮ್ಮೆಯೂ ತಿರುಗದೆ, ಒಂದೇ ಅಳತೆಯ ಹೆಜ್ಜೆ ಹಾಕುತ್ತ ದಡದಿಂದ ಗಣಿಯ ಕಡೆಗೆ ನಡೆಯುತ್ತಿದ್ದ. ತುಟಿ ಅಲುಗುತ್ತಿತ್ತು. ಮೂವತ್ತು ಹೆಜ್ಜೆಗೊಮ್ಮೆ ನಿಂತು ಚಿಕ್ಕ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆ ನಡಿಗೆಯನ್ನು ಅವಳು ಹತ್ತೊಂಬತ್ತು ವರ್ಷದಿಂದ ಬಲ್ಲಳು. ಅದು ನೆಲ ಅಳೆಯುವವನ ನಡಿಗೆ.

ಅವಳು ಓಡಿಹೋಗಿ ಅಡ್ಡ ನಿಂತಳು. "ಯಾರ್ರೀ ನೀವು? ಏನು ಅಳೀತಿದ್ದೀರಿ?"

"ಅಳೆಯೋದೇನು? ಸುಮ್ನೆ ವಾಕಿಂಗು," ಎಂದು ಅವನು ಪುಸ್ತಕವನ್ನು ಜೇಬಿಗೆ ಸೇರಿಸಿದ.

"ಯಾರ ಕಡೆಯಿಂದ ಬಂದಿದ್ದೀರಿ ಅಂತ ಕೇಳ್ದೆ."

ಅವಳ ಧ್ವನಿ ಎಂದಿಗಿಂತ ಜೋರಾಗಿತ್ತು. ಚೆಂಡಾಡುತ್ತಿದ್ದವರು ನಿಂತರು. ಮೊಮ್ಮಗುವಿಗೆ ಬ್ರೆಡ್ಡು ತಿನ್ನಿಸುತ್ತಿದ್ದ ಒಬ್ಬ ಅಜ್ಜಿ, ಅವಳ್ಯಾರೋ ಇವಳಿಗೆ ಗೊತ್ತಿಲ್ಲ, ಸೊಂಟಕ್ಕೆ ಕೈ ಕೊಟ್ಟು ಎದ್ದು ಬಂದಳು. "ವಾಕಿಂಗ್ ಮಾಡೋನು ಹೆಜ್ಜೆ ಎಣಿಸಿ ಬರ್ಕೊತಾನೇನಪ್ಪ? ನಾನೂ ಆವಾಗಿಂದ ನೋಡ್ತಿದ್ದೀನಿ."

"ಏನಂತೆ, ಏನಂತೆ?" ಎನ್ನುತ್ತ ಇನ್ನೂ ಹತ್ತು ಜನ ಸೇರಿದರು, ಆಮೇಲೆ ನಲವತ್ತಾದರು. "ಕೆರೆ ಅಳೀತಿದ್ದಾನಂತೆ." "ಯಾಕಂತೆ?" "ಮೊದಲನೇ ಸಲ ಒಂದು ಒಳ್ಳೇ ಜಾಗ ಸಿಕ್ಕಿದೆ, ಅಳೆದು ಏನ್ ಮಾಡ್ತಾನಂತೆ?" ಒಂದೇ ಪ್ರಶ್ನೆಯನ್ನು ನಲವತ್ತು ಬಾಯಿ ಕೇಳತೊಡಗಿದವು. ಬೂಟಿನವನು ನಗಲು ನೋಡಿದ, ಆಗಲಿಲ್ಲ. ದಾರಿ ಬಿಡಿಸಿಕೊಂಡು, ಈ ಸಲ ಎಣಿಸದೆ, ಬಸ್ ಸ್ಟಾಪಿನ ಕಡೆಗೆ ಹೆಜ್ಜೆ ಹಾಕಿದ. ಅವನ ಬೆನ್ನು ಮರೆಯಾಗುವವರೆಗೂ ಜನ ಅವನನ್ನೇ ನೋಡುತ್ತ ನಿಂತರು, ಆಮೇಲೆ ಚೆಂಡಿಗೆ ವಾಪಸ್ಸಾದರು.

ತಿರುಗಿದರೆ ಮಸಿಯಣ್ಣ ಹಿಂದೆಯೇ ನಿಂತಿದ್ದ. ಯಾವಾಗ ಬಂದಿದ್ದನೋ.

"ಅವನು ಮತ್ತೆ ಬರ್ತಾನೆ," ಎಂದ. ಎರಡು ತಿಂಗಳಲ್ಲಿ ಅವಳೊಂದಿಗೆ ಆಡಿದ ಮೊದಲ ಮಾತು.

"ಬರ್ತಾನೆ. ಮುಂದಿನ ಸಲ ಚಪ್ಪಲಿ ಹಾಕ್ಕೊಂಡು, ಜೊತೆಗೊಂದು ಮಗು ಕರ್ಕೊಂಡು ಬರ್ತಾನೆ," ಎಂದಳು ಅವಳು. "ನಾನೂ ಹಾಗೇ ಬಂದಿದ್ದೆ."

ಮಸಿಯಣ್ಣ ದಡದ ಮೇಲಿನ ಅಷ್ಟೂ ಜನರನ್ನು ಒಮ್ಮೆ ನೋಡಿದ. ಹದಿನೇಳು ವರ್ಷ ಅವರೆಲ್ಲರಿಂದ ಈ ನೀರನ್ನು ಬಚ್ಚಿಟ್ಟವನು. ಅವನ ಕಣ್ಣು ತುಂಬಿತ್ತು, ಅದನ್ನು ಅವಳು ನೋಡಿಯೂ ನೋಡದಂತೆ ಇದ್ದಳು. ಅವನು ಬಗ್ಗಿ ಕಾಲ ಬಳಿ ಬಿದ್ದಿದ್ದ ಒಂದು ಚೀಲವನ್ನು ಹೆಕ್ಕಿ ಅವಳ ಕೈಯ ಚೀಲಕ್ಕೆ ತುರುಕಿದ.

"ಮುಂದಿನ ವಾರ ನಾನು ಗಣಿ ಕಡೆ ಕೂತ್ಕೋತೀನಿ," ಎಂದ. "ನೀನು ಈ ಕಡೆ ನೋಡ್ಕೋ."

ಮಗಳು ಅಷ್ಟರಲ್ಲಿ ನೀರಿನಲ್ಲಿದ್ದಳು. ಬ್ರೆಡ್ಡಿನ ಅಜ್ಜಿಯ ಮೊಮ್ಮಗುವಿಗೆ, ಬೀಳದ ಹಾಗೆ ಕೈ ಹಿಡಿದುಕೊಂಡು, ಎಲ್ಲಿ ಆಳವಿದೆ ಎಲ್ಲಿ ಇಲ್ಲ ಎಂದು ತೋರಿಸುತ್ತಿದ್ದಳು.